ಇನ್ನೊಂದು ಕಲೆ

ಭಾನುವಾರದ ಈ ಪುಟದಲ್ಲಿ 'ಕಲೆ' ಎಂಬ ಶಬ್ದವನ್ನು ಕಂಡೊಡನೆ ವಾಚಕರು ಶಿಲ್ಪವನ್ನೋ ಸಂಗೀತವನ್ನೋ ನೆನೆಯುವುದು ಸಹಜ. ಆದರೆ ನಮ್ಮ ಭಾಷೆಯಲ್ಲಿ ಅದೇ ರೂಪದ ಮತ್ತೊಂದು ಪದವುಂಟು. ಅದು ಸಂಸ್ಕೃತದಿಂದ ಬಂದುದಲ್ಲ, ಅಚ್ಚಗನ್ನಡದ್ದು. ಅರಮನೆಯ ಆಸ್ಥಾನವನ್ನು ಕಂಡುದಲ್ಲ, ಬಚ್ಚಲುಮನೆಯ ಒಗೆಯುವ ಕಲ್ಲಿನ ಬಳಿ ಬಾಳಿದುದು. ಮಾವಿನ ಸೊನೆಯ ಕಲೆ, ಬಾಳೆದಿಂಡಿನ ಕಲೆ, ಅಡಕೆಯ ಚೊಗರಿನ ಕಲೆ, ಸಿಡುಬು ಬಿಟ್ಟುಹೋದ ಕಲೆ. ಈ ಎರಡನೆಯ ಕಲೆಯ ಮೇಲೆ ವಿಮರ್ಶೆ ಬರೆದವರು ಕಡಮೆ. ನಾನು ಇಂದು ಹೇಳಹೊರಟಿರುವುದು ಅದರಲ್ಲಿಯೂ ಒಂದು ಬಗೆಯನ್ನು ಕುರಿತು: ಟೆರಿಲಿನ್, ನೈಲಾನ್ ಮೊದಲಾದ ಕೃತಕ ನೂಲಿನ ಬಟ್ಟೆಗೆ ತಗುಲಿದ ರಕ್ತದ ಕಲೆ. ವಿಷಯ ಅಲ್ಪವೆಂದು ತೋರಬಹುದು. ನನ್ನ ಪಾಲಿಗೆ ಅದು ಅಲ್ಪವಾಗಿರಲಿಲ್ಲ.

1969ನೆಯ ಇಸವಿಯ ಬೇಸಗೆ. ಅರಸೀಕೆರೆಯ ನಮ್ಮ ಮನೆಗೆ ಮೊಟ್ಟಮೊದಲ ಟೆರಿಲಿನ್ ಅಂಗಿ ಬಂದದ್ದು ಆಗ. ಅಣ್ಣ ಬಿ.ಕಾಂ. ಮುಗಿಸಿ ಎರಡು ವರ್ಷ ಕುಳಿತಿದ್ದ. ಬೆಂಗಳೂರಿನ ಒಂದು ಬ್ಯಾಂಕಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆಯವರು ಎಂದೂ ಸಾಲ ಮಾಡಿದವರಲ್ಲ, ಆ ಒಂದು ಅಂಗಿಗಾಗಿ ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಸಿದರು. ಹಾಲಿನ ಕೆನೆಯ ಬಣ್ಣ. ಕೈಯಲ್ಲಿ ಹಿಡಿದರೆ ಜಾರುತ್ತಿತ್ತು. ಮುದುರಿ ಎಸೆದರೂ ಮಡಿಕೆ ಬೀಳುತ್ತಿರಲಿಲ್ಲ. ಮರುದಿನ ರಾತ್ರಿಯ ರೈಲಿಗೆ ಹೊರಡಬೇಕೆನ್ನುವಾಗ ಅಣ್ಣ ಅದನ್ನೊಮ್ಮೆ ತೊಟ್ಟು ಕನ್ನಡಿಯ ಮುಂದೆ ನಿಂತ. ಬಿಸಿಲು ಕಾಲದಲ್ಲಿ ಮೂಗಿನಿಂದ ರಕ್ತ ಬರುವುದು ಅವನಿಗೆ ಚಿಕ್ಕಂದಿನಿಂದ ಇದ್ದ ತೊಂದರೆ. ಅಂದೂ ಬಂದಿತು. ಎದೆಯ ಮೇಲೆ ನಾಲ್ಕು ಹನಿ, ಜೇಬಿನ ಕೆಳಗೆ ಒಂದು ಗೀರು.

ಅವನು ತಲೆಯನ್ನು ಹಿಂದಕ್ಕೆ ಚಾಚಿ ಮಲಗಿದ. (ಹಾಗೆ ಮಲಗುವುದೂ ತಪ್ಪೆಂದು ಈಗ ವೈದ್ಯರು ಹೇಳುತ್ತಾರೆ, ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೃದುಭಾಗವನ್ನು ಒತ್ತಿ ಹಿಡಿಯಬೇಕಂತೆ.) ಅಮ್ಮ ಮನೆಯಲ್ಲಿರಲಿಲ್ಲ. ನನಗಾಗ ಹನ್ನೆರಡು ವರ್ಷ. ಉಪಕಾರ ಮಾಡುವ ಉತ್ಸಾಹ ವಿವೇಕಕ್ಕಿಂತ ಹೆಚ್ಚಾಗಿದ್ದ ವಯಸ್ಸು. ನಮ್ಮ ಬೀದಿಯ ಮಡಿವಾಳರು ಬಟ್ಟೆಗಳನ್ನು ಉಬ್ಬೆಗೆ ಹಾಕಿ ಬೇಯಿಸುವುದನ್ನು ಕಂಡಿದ್ದೆ. ಬೆಂದರೆ ಕೊಳೆ ಬಿಡುತ್ತದೆ ಎಂಬುದು ನನ್ನ ಶಾಸ್ತ್ರ. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಒಂದು ತಂಬಿಗೆ ಮೊಗೆದು ಕಲೆಯ ಮೇಲೆ ಸುರಿದೆ.

ನೀರು ಕೆಂಪಾಗಲಿಲ್ಲ. ಅಂಗಿಯ ಮೇಲಿನ ಕೆಂಪು ಕಣ್ಣೆದುರಿಗೇ ಕಂದಿ ಕಾಚಿನ ಬಣ್ಣಕ್ಕೆ ತಿರುಗಿತು. ಹೆದರಿ ಸಾಬೂನು ಹಚ್ಚಿದೆ, ಉಜ್ಜಿದೆ, ನಿಂಬೆಹುಳಿ ಹಿಂಡಿದೆ. ಕಡೆಗೆ ಒಣಗಿದರೆ ಕಾಣದೆ ಹೋದೀತೆಂದು ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನೂ ಆಡಿಸಿದೆ. ಮಾಡಬಾರದ ನಾಲ್ಕು ಕೆಲಸಗಳನ್ನೂ ಸರಿಯಾದ ಅನುಕ್ರಮದಲ್ಲಿ ಮಾಡಿದ್ದೆನೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಅಮ್ಮ ಬಂದು ನೋಡಿದವರು ಹಣೆ ಚಚ್ಚಿಕೊಂಡರು. "ರಕ್ತಕ್ಕೆ ಯಾರಾದ್ರೂ ಬಿಸಿನೀರು ಹಾಕ್ತಾರೇನೋ? ತಣ್ಣೀರು ಕಣೋ, ತಣ್ಣೀರು!"

ಅಣ್ಣ ಆ ಅಂಗಿಯನ್ನೇ ತೊಟ್ಟು, ಮೇಲೆ ತಂದೆಯವರ ಉಣ್ಣೆಯ ಕೋಟನ್ನು ಹಾಕಿಕೊಂಡು ಹೋದ. ಆ ಸೆಕೆಯಲ್ಲಿ, ಗುಂಡಿಗಳನ್ನೆಲ್ಲ ಬಿಗಿದುಕೊಂಡು. ಕೆಲಸ ಸಿಕ್ಕಲಿಲ್ಲ. ಸಿಕ್ಕದಿದ್ದುದಕ್ಕೆ ಅಂಗಿಯೇ ಕಾರಣವೆಂದು ಯಾರೂ ಹೇಳಲಿಲ್ಲ. ಯಾರೂ ಹೇಳದಿದ್ದುದರಿಂದ ನಾನು ಅದನ್ನು ಬಹುಕಾಲ ನಂಬಿಕೊಂಡಿದ್ದೆ.

ಅಮ್ಮನಿಗೆ ತಣ್ಣೀರಿನ ಮರ್ಮ ಹೇಗೆ ತಿಳಿದಿತ್ತು? ಆಗ ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಗಂಡಸರಿಗೆ ರಕ್ತವೆಂದರೆ ಅಪಘಾತ; ಯುದ್ಧ, ಜಗಳ, ಕ್ಷೌರದ ಕತ್ತಿ. ಹೆಂಗಸರಿಗೆ ಅದು ಪಂಚಾಂಗ. ತಿಂಗಳು ತಿಂಗಳೂ, ಹಿತ್ತಿಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ಬೆಳಕು ಹರಿಯುವ ಮುನ್ನ ತೊಳೆದು, ಇನ್ನೊಂದು ಬಟ್ಟೆಯ ಮರೆಯಲ್ಲಿ ಒಣಗಿಸಿ ಗಳಿಸಿದ ವಿದ್ಯೆ ಅದು. ತಾಯಿ ಮಗಳ ಕಿವಿಯಲ್ಲಿ ಹೇಳಿ ದಾಟಿಸಿದ್ದೇ ಹೊರತು ಪುಸ್ತಕಕ್ಕೆ ಏರಲಿಲ್ಲ. ಮೂವರು ಅಕ್ಕಂದಿರ ನಡುವೆ ಬೆಳೆದ ನಾನು ಅದರ ಒಂದಕ್ಷರವನ್ನೂ ಅರಿಯದೆ ಹನ್ನೆರಡು ವರ್ಷ ಕಳೆದೆನೆಂದರೆ, ಆ ಗುಟ್ಟನ್ನು ಎಷ್ಟು ಜೋಪಾನವಾಗಿ ಕಾಪಾಡಿದ್ದರೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಶಾಸ್ತ್ರಕ್ಕೆ ಬರೋಣ. ರಕ್ತವು ನೀರಿನಲ್ಲಿ ಕದಡಿದ ಬಣ್ಣವಲ್ಲ. ಅದರಲ್ಲಿ ಆಲ್ಬ್ಯುಮಿನ್, ಗ್ಲಾಬ್ಯುಲಿನ್ ಮೊದಲಾದ ಪ್ರೋಟೀನುಗಳಿವೆ. ಗಾಯವಾದೊಡನೆ ಬಲೆ ಹೆಣೆದುಕೊಂಡು ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಇದೆ. ಕೆಂಪುಕಣಗಳೊಳಗೆ ಹೀಮೊಗ್ಲೋಬಿನ್ ತುಂಬಿದೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪುಕಣಗಳು. ಅಣ್ಣನ ಅಂಗಿಯ ಮೇಲೆ ಬಿದ್ದ ಒಂದೊಂದು ಹನಿಯಲ್ಲಿಯೂ ಇಪ್ಪತ್ತೈದು ಕೋಟಿಯಷ್ಟು ಇದ್ದಿರಬೇಕು. ಹೀಮೊಗ್ಲೋಬಿನ್ನಿನ ಪ್ರತಿಯೊಂದು ಅಣುವಿನಲ್ಲಿಯೂ ನಾಲ್ಕು ಕಬ್ಬಿಣದ ಪರಮಾಣುಗಳು ಹುದುಗಿ ಕುಳಿತಿವೆ. ಕೇಂಬ್ರಿಜ್ಜಿನಲ್ಲಿ ಮ್ಯಾಕ್ಸ್ ಪೆರೂಟ್ಸ್ ಎಂಬ ವಿಜ್ಞಾನಿ ಎರಡು ದಶಕಗಳಿಗೂ ಮೀರಿ ಶ್ರಮಿಸಿ ಆ ಅಣುವಿನ ಆಕಾರವನ್ನು ಬಿಡಿಸಿದರು. 1962ರಲ್ಲಿ ಜಾನ್ ಕೆಂಡ್ರೂ ಅವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಹೊಸ ರಕ್ತ ಕೆಂಪಗಿದ್ದು ಒಣಗಿದಾಗ ಕಂದಾಗುವುದು ಈ ಕಬ್ಬಿಣ ಗಾಳಿಯಲ್ಲಿ ಉತ್ಕರ್ಷಣಗೊಳ್ಳುವುದರಿಂದ.

ಪ್ರೋಟೀನುಗಳಿಗೂ ಬಿಸಿಗೂ ಆಗದು. ಕೋಳಿಮೊಟ್ಟೆಯ ಬಿಳಿಯನ್ನು ಬಾಣಲೆಗೆ ಒಡೆದು ಹಾಕಿದರೆ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ನೀರಿನಂತಿದ್ದುದು ಗಟ್ಟಿಯಾಗುತ್ತದೆ, ಮರಳಿ ತಣ್ಣಗೆ ಮಾಡಿದರೆ ನೀರಾಗುವುದಿಲ್ಲ. ಸುತ್ತಿಕೊಂಡಿದ್ದ ಅಣುಗಳು ಬಿಚ್ಚಿಕೊಂಡು ಒಂದಕ್ಕೊಂದು ತೊಡರಿಬಿಡುತ್ತವೆ. ರಕ್ತದ ಪ್ರೋಟೀನುಗಳೂ 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಿಂದ ಹೀಗೆಯೇ ಕಟ್ಟಿಕೊಳ್ಳುತ್ತವೆ. ನಾನು ಆ ದಿನ ಮಾಡಿದ್ದು ಅಂಗಿಯನ್ನು ಒಗೆಯುವ ಕೆಲಸವಲ್ಲ, ಅದರ ನೂಲಿನ ಎಡೆಯೆಡೆಯಲ್ಲಿ ರಕ್ತವನ್ನು ಬೇಯಿಸುವ ಕೆಲಸ. ನಿಂಬೆಯ ಹುಳಿಯೂ ಪ್ರೋಟೀನನ್ನು ಗಟ್ಟಿಗೊಳಿಸುವಂಥದೇ. ಹಾಲಿಗೆ ಹಿಂಡಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಮಡಿವಾಳರ ಉಬ್ಬೆಯಲ್ಲಿ ಕಲೆ ಹೋಗುತ್ತಿದ್ದುದು ಹೇಗೆ? ನನ್ನ ಬಾಲಬುದ್ಧಿ ಉಬ್ಬೆಯ ಹಬೆಯನ್ನು ಮಾತ್ರ ನೋಡಿತ್ತು. ಅದಕ್ಕೆ ಮುಂಚಿನ ಕೆಲಸವನ್ನು ನೋಡಿರಲಿಲ್ಲ. ಅವರು ಮೊದಲು ಬಟ್ಟೆಯನ್ನು ಕೆರೆಯ ತಣ್ಣೀರಿನಲ್ಲಿ ನೆನೆಹಾಕಿ ಹಿಂಡುತ್ತಿದ್ದರು. ಬಳಿಕ ಚೌಳುಮಣ್ಣಿನ ನೀರಿನಲ್ಲಿ ಅದ್ದುತ್ತಿದ್ದರು. ಚೌಳು ಕ್ಷಾರ, ಕ್ಷಾರವು ಪ್ರೋಟೀನನ್ನು ಕರಗಿಸುತ್ತದೆ. ಹಬೆಯ ಸರದಿ ಕಟ್ಟಕಡೆಗೆ. ಮೇಲಾಗಿ ಆ ಬಟ್ಟೆಗಳು ಹತ್ತಿಯವು, ಕುದಿಯನ್ನು ತಾಳುವಂಥವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರಾದ ಮಡಿವಾಳ ಮಾಚಿದೇವರ ಕಸುಬಿನ ಹಿಂದೆ ಇಷ್ಟು ರಸಾಯನವಿದೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆ ಬೀದಿಯ ಮಡಿವಾಳಗಿತ್ತಿಯನ್ನು ಒಂದು ಮಾತು ಕೇಳಿದ್ದರೆ ಅಂಗಿ ಉಳಿಯುತ್ತಿತ್ತು.

ಟೆರಿಲಿನ್ ಹತ್ತಿಯಲ್ಲ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ವಾಲೇಸ್ ಕ್ಯಾರೊಥರ್ಸ್ ಮತ್ತು ಸಂಗಡಿಗರು ನೈಲಾನನ್ನು ಸೃಷ್ಟಿಸಿದರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಪಾಲಿಯೆಸ್ಟರ್ ನೂಲನ್ನು ತೆಗೆದರು. ಅದಕ್ಕೇ ಟೆರಿಲಿನ್ ಎಂಬ ಹೆಸರಾಯಿತು. ಹತ್ತಿಯೊಡನೆ ಬೆರೆತಾಗ ನಮ್ಮವರ ಬಾಯಲ್ಲಿ ಅದು ಟೆರಿಕಾಟ್. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ನೀರನ್ನು ಹೀರಿಕೊಂಡಿರುತ್ತದೆ, ನೈಲಾನು ಶೇಕಡಾ 4ರಷ್ಟು. ಪಾಲಿಯೆಸ್ಟರಿನದು ಶೇಕಡಾ ಅರ್ಧವೂ ಇಲ್ಲ. ಅದಕ್ಕೆ ನೀರಿನ ನಂಟು ಬೇಡ. ಇದರಿಂದ ಒಂದು ಅನುಕೂಲವೂ ಒಂದು ಅನನುಕೂಲವೂ ಆಗಿದೆ. ಬಿದ್ದ ರಕ್ತ ಎಳೆಯ ಒಡಲನ್ನು ಹೊಗುವುದಿಲ್ಲ, ಎಳೆ ಎಳೆಗಳ ನಡುವಿನ ಸಂದಿಯಲ್ಲಿ ಹರಡಿ ನಿಲ್ಲುತ್ತದೆ. ಆದುದರಿಂದ ಹಸಿಯಾಗಿರುವಾಗ ಹತ್ತಿಗಿಂತ ಬೇಗ ಬಿಡುತ್ತದೆ. ಆದರೆ ಒಣಗಿದ ಮೇಲೆ ತೊಳೆಯಹೋದರೆ ನೀರೂ ಸುಲಭವಾಗಿ ಒಳಗೆ ಇಳಿಯದು. ಮಾರ್ಜಕದ ಸಹಾಯ ಬೇಕು. ಸುಮಾರು 70 ಡಿಗ್ರಿ ಮೀರಿದರೆ ಪಾಲಿಯೆಸ್ಟರಿನ ಎಳೆ ಮೆತ್ತಗಾಗತೊಡಗುತ್ತದೆ, ಆಗ ಬಿದ್ದ ಸುಕ್ಕೂ ನಿಂತುಬಿಡುತ್ತದೆ. ನೈಲಾನಿನ ಕಥೆ ಬೇರೆ. ಅದರ ಅಣುಗಳ ಕೊಂಡಿಯೂ ಪ್ರೋಟೀನಿನ ಅಣುಗಳ ಕೊಂಡಿಯೂ ಒಂದೇ ಜಾತಿಯವು, ದಾಯಾದಿಗಳೆನ್ನಬಹುದು. ಹಾಗಾಗಿ ಪ್ರೋಟೀನಿನ ಕಲೆ ನೈಲಾನನ್ನು ಸ್ವಲ್ಪ ಹೆಚ್ಚಾಗಿಯೇ ಹಿಡಿದುಕೊಳ್ಳುತ್ತದೆ.

ಈಗ ಮಾಡಬೇಕಾದುದೇನು? ಹಸಿಯ ಕಲೆಯಾದರೆ ಹೆಚ್ಚು ಉಪಾಯ ಬೇಕಿಲ್ಲ. ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಗೆ ನಲ್ಲಿಯ ತಣ್ಣೀರು ಧಾರೆಯಾಗಿ ಬೀಳುವಂತೆ ಹಿಡಿಯಬೇಕು. ಬಂದ ದಾರಿಯಲ್ಲಿಯೇ ರಕ್ತ ಹೊರಟುಹೋಗುತ್ತದೆ. ಉಜ್ಜಬಾರದು, ಉಜ್ಜಿದರೆ ಸಂದಿಗೆ ಮತ್ತಷ್ಟು ಇಳಿಯುತ್ತದೆ. ಅನಂತರ ಒಂದು ಹಿಡಿ ಉಪ್ಪು ಕದಡಿದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ನೀರು ಕೆಂಪಾದಾಗಲೆಲ್ಲ ಬದಲಿಸಬೇಕು. ಉಪ್ಪೇಕೆಂದರೆ ರಕ್ತದ ಕೆಲವು ಗ್ಲಾಬ್ಯುಲಿನ್‌ಗಳು ಬರಿಯ ನೀರಿನಲ್ಲಿ ಕರಗುವುದಿಲ್ಲ, ತೆಳುವಾದ ಉಪ್ಪುನೀರಿನಲ್ಲಿ ಕರಗುತ್ತವೆ. ದರ್ಜಿಗಳು ಸೂಜಿ ಚುಚ್ಚಿದ ಬೆರಳಿನ ರಕ್ತ ಬಟ್ಟೆಗೆ ತಗುಲಿದರೆ ತಮ್ಮ ಉಗುಳನ್ನೇ ಹಚ್ಚಿ ಒರಸುವುದುಂಟು. ಉಗುಳು ರಕ್ತವನ್ನು ಜೀರ್ಣಿಸುತ್ತದೆಂದು ಕೆಲವರು ವಿವರಿಸುತ್ತಾರೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. ಬಾಯಿಯ ಕಿಣ್ವಗಳಲ್ಲಿ ಮುಖ್ಯವಾದುದು ಪಿಷ್ಟವನ್ನು ಒಡೆಯುವಂಥದು, ಪ್ರೋಟೀನನ್ನಲ್ಲ. ಹನಿ ಸಣ್ಣದಾಗಿ, ಹಸಿಯಾಗಿ ಇರುವಾಗಲೇ ಒರಸುವುದರಿಂದ ಅದು ಹೋಗುತ್ತದೆ.

ಒಣಗಿದ ಕಲೆಗೆ ನಿಜವಾದ ಮದ್ದು ಪ್ರೋಟೀನನ್ನು ತುಂಡರಿಸುವ ಕಿಣ್ವ. ನಮ್ಮ ಹೊಟ್ಟೆ ಬೇಳೆಯನ್ನು ಅರಗಿಸುವ ಕ್ರಮದಲ್ಲಿಯೇ ಬಟ್ಟೆಯ ಕಲೆಯನ್ನೂ ಅರಗಿಸಬಹುದೆಂಬ ಆಲೋಚನೆ ಜರ್ಮನಿಯ ಆಟೊ ರೋಮ್ ಎಂಬಾತನಿಗೆ ಬಂದು, 1913ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವ ಅದು. ಸಾಬೂನಿನ ಕ್ಷಾರದಲ್ಲಿ ಅಷ್ಟೇನೂ ಬಾಳುತ್ತಿರಲಿಲ್ಲ. ಕ್ಷಾರವನ್ನು ತಾಳಬಲ್ಲ ಕಿಣ್ವಗಳನ್ನು ಬ್ಯಾಕ್ಟೀರಿಯಾಗಳಿಂದ ತೆಗೆಯುವುದು ಸಾಧ್ಯವಾದ ಮೇಲೆ, 1960ರ ದಶಕದಲ್ಲಿ ಅವು ಯುರೋಪಿನ ಒಗೆತದ ಪುಡಿಗಳಲ್ಲಿ ತುಂಬಿಕೊಂಡವು. ಇಂಥ ಪುಡಿಗಳ ಕಾರ್ಖಾನೆಯಲ್ಲಿ ಧೂಳನ್ನು ಉಸಿರಾಡಿದ ಕೆಲಸಗಾರರಿಗೆ ಉಬ್ಬಸ ಹತ್ತಿದ ಸಂಗತಿ 1969ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬಳಿಕವೇ ಕಿಣ್ವಕ್ಕೆ ಮೇಲುಹೊದಿಕೆ ಕೊಟ್ಟು ಧೂಳೇಳದ ಕಾಳುಗಳಾಗಿ ಮಾಡತೊಡಗಿದರು. ಅದೇ ವರ್ಷ ನಾನು ಇಲ್ಲಿ ಹಂಡೆಯ ನೀರನ್ನು ಸುರಿಯುತ್ತಿದ್ದೆ.

ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಮಾರ್ಜಕಗಳಲ್ಲಿ ಕಿಣ್ವವಿದೆ. ಪೊಟ್ಟಣದ ಮೇಲೆ ಓದಿ ನೋಡಿ ಕೊಳ್ಳಬೇಕು. ಬೆಚ್ಚಗಿನ ನೀರಿನಲ್ಲಿ, ಎಂದರೆ 40 ಡಿಗ್ರಿ ಮೀರದಂತೆ, ಕದಡಿ ರಾತ್ರಿಯಿಡೀ ನೆನೆಹಾಕುವುದು. ಕಿಣ್ವಕ್ಕೆ ಅವಸರ ಸಲ್ಲದು. ರೇಷ್ಮೆ, ಉಣ್ಣೆಗಳಿಗೆ ಮಾತ್ರ ಇದು ಕೂಡದು. ಅವೂ ಪ್ರೋಟೀನೇ ಆದುದರಿಂದ ಕಲೆಯ ಜೊತೆಗೆ ಸೀರೆಯೂ ಸವೆದೀತು. ಟೆರಿಲಿನ್, ನೈಲಾನುಗಳಿಗೆ ಆ ಭಯವಿಲ್ಲ.

ಇಷ್ಟಾದರೂ ನೆರಳಿನಂತೆ ಉಳಿದರೆ ಹೈಡ್ರೊಜನ್ ಪೆರಾಕ್ಸೈಡ್. 1818ರಲ್ಲಿ ಫ್ರಾನ್ಸಿನ ಥೆನಾರ್ ಕಂಡುಹಿಡಿದ ದ್ರವ. ಔಷಧದ ಅಂಗಡಿಯಲ್ಲಿ ಸಾಮಾನ್ಯವಾಗಿ ಶೇಕಡಾ 6ರ ದ್ರಾವಣ ಸಿಗುತ್ತದೆ. ಸಮಭಾಗ ನೀರು ಬೆರಸಿ ಶೇಕಡಾ 3ಕ್ಕೆ ಇಳಿಸಿ, ಮೊದಲು ಒಳಹೊಲಿಗೆಯ ಅಂಚಿನಲ್ಲಿ ಹಚ್ಚಿ ಬಣ್ಣ ಹೋಗುವುದಿಲ್ಲವೆಂದು ಖಚಿತಪಡಿಸಿಕೊಂಡು, ಕಲೆಯ ಮೇಲೆ ತೊಟ್ಟಿಕ್ಕಿದರೆ ನೊರೆ ಉಕ್ಕುತ್ತದೆ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ಆಮ್ಲಜನಕವನ್ನು ಬಿಡಿಸುವ ನೊರೆ ಅದು. ಐದು ಹತ್ತು ನಿಮಿಷದಲ್ಲಿ ತಣ್ಣೀರಿನಿಂದ ತೊಳೆದುಬಿಡಬೇಕು. ಕ್ಲೋರಿನ್ ಇರುವ ಬ್ಲೀಚನ್ನು ನೈಲಾನಿಗೂ ಹಿಗ್ಗುವ ಬಟ್ಟೆಗಳಿಗೂ ಮುಟ್ಟಿಸಬಾರದು, ಹಳದಿಗಟ್ಟುತ್ತವೆ. ಅದನ್ನು ಅಮೋನಿಯದೊಡನೆ ಬೆರಸುವುದಂತೂ ವಿಷದ ಹೊಗೆಯನ್ನು ತಾನಾಗಿ ಕರೆದಂತೆ. ಕಲೆ ಪೂರ್ತಿ ಹೋಗಿದೆಯೆಂದು ಹಗಲಿನ ಬೆಳಕಿನಲ್ಲಿ ನೋಡಿ ಕೊಂಡಲ್ಲದೆ ಇಸ್ತ್ರಿ ಹಾಕಕೂಡದು.

ಪರರ ರಕ್ತವಾದರೆ ಕೈಗೆ ರಬ್ಬರು ಚೀಲ ಹಾಕಿಕೊಂಡೇ ಮುಟ್ಟಬೇಕು. ಹೆಪಟೈಟಿಸ್ 'ಬಿ' ಎಂಬ ಕಾಮಾಲೆಯ ವಿಷಾಣು ಒಣಗಿದ ರಕ್ತದಲ್ಲಿಯೂ ಏಳು ದಿನವಾದರೂ ಜೀವ ಹಿಡಿದಿರಬಲ್ಲುದು.

ತೊಳೆಯಲೇಬಾರದ ಕಲೆಯೂ ಒಂದುಂಟು. ಯಾರ ಮೇಲಾದರೂ ಹಲ್ಲೆಯೋ ಅತ್ಯಾಚಾರವೋ ನಡೆದಿದ್ದರೆ ಆ ಬಟ್ಟೆಗೆ ನೀರು ಸೋಕಿಸಬಾರದು. ಮನೆಯ ಹಿರಿಯರು, ಮಾನ ಹೋದೀತೆಂಬ ಅಂಜಿಕೆಯಿಂದ, ಮೊಟ್ಟಮೊದಲು ಮಾಡುವ ಕೆಲಸ ತೊಳೆಯುವುದೇ. ತಪ್ಪಿತಸ್ಥನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಪೆರಾಕ್ಸೈಡಿನಲ್ಲಿ ರಕ್ತ ನೊರೆಯೇಳುವುದನ್ನೇ ಪರೀಕ್ಷೆಯಾಗಿ ಬಳಸಬಹುದೆಂದು ಷೋನ್‌ಬೈನ್ 1863ರಲ್ಲಿ ತೋರಿಸಿದ್ದ. 1937ರಿಂದೀಚೆಗೆ ಲ್ಯೂಮಿನಾಲ್ ಬಂದಿತು. ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿದ್ದರೂ ಅದರ ಕಬ್ಬಿಣದ ಸಂಪರ್ಕದಿಂದ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ಮ್ಯಾಕ್‌ಬೆತ್ ನಾಟಕದ ರಾಣಿ ನಿದ್ದೆಯಲ್ಲಿ ಎದ್ದು ಕೈ ತೊಳೆಯುವ ದೃಶ್ಯ ನಮಗೆ ಮನಸ್ಸಿನ ಭ್ರಮೆಯಾಗಿ ಕಾಣುತ್ತದೆ. ಲ್ಯೂಮಿನಾಲನ್ನು ಕೈಯಲ್ಲಿ ಹಿಡಿದವನಿಗೆ ಹಾಗೆ ಕಾಣಲಿಕ್ಕಿಲ್ಲ.

ಅಣ್ಣ ಮುಂದೆ ಶಾಲೆಯಲ್ಲಿ ಉಪಾಧ್ಯಾಯನಾಗಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ. ಅವನು ತೀರಿಕೊಂಡ ಮರುವರ್ಷ ಅತ್ತಿಗೆ ಹಳೆಯ ಟ್ರಂಕಿನಿಂದ ಆ ಅಂಗಿಯನ್ನು ತೆಗೆದು ನನ್ನ ಮುಂದಿಟ್ಟರು. ಟೆರಿಲಿನ್ನಿನ ಆಯುಷ್ಯ ನೋಡಿ, ಒಂದು ಎಳೆಯೂ ಜಬ್ಬಾಗಿರಲಿಲ್ಲ. ನಾನು ಅದನ್ನು ಕಿಣ್ವದ ನೀರಿನಲ್ಲಿ ಎರಡು ರಾತ್ರಿ ನೆನೆಸಿಟ್ಟೆ; ಪೆರಾಕ್ಸೈಡ್ ಹಾಕಿದೆ; ನೊರೆ ಬರಲಿಲ್ಲ, ಕುದಿನೀರು ಕಂಡ ರಕ್ತದಲ್ಲಿ ಆ ಕ್ಯಾಟಲೇಸ್ ಎಂದೋ ಸತ್ತಿತ್ತು. ಕಾಚಿನ ಬಣ್ಣ ಹುಲ್ಲಿನ ಬಣ್ಣಕ್ಕೆ ಇಳಿಯಿತು, ಅದಕ್ಕಿಂತ ಕೆಳಗಿಳಿಯಲೊಲ್ಲದು. ಮೂರನೆಯ ರಾತ್ರಿಗೆ ನೀರು ತುಂಬುತ್ತಿದ್ದಾಗ ಅತ್ತಿಗೆ ಬಂದು ನಿಂತರು. "ಸಾಕು ಬಿಡಪ್ಪ. ನಿಮ್ಮಣ್ಣ ಯಾವಾಗ್ಲೂ ನಗೋರು, ಬ್ಯಾಂಕಿನವ್ರು ಕೇಳಿದ ಲೆಕ್ಕ ನಂಗೇ ಬರ್ಲಿಲ್ಲ, ಪಾಪ, ನನ್ನ ತಮ್ಮ ಅಂಗಿ ನೆನೆಸ್ಕೊಂಡು ಕೊರಗ್ತಾನೆ ಅನ್ನೋರು" ಎಂದರು. ಈ ಮಾತನ್ನು ಅವನು ನನಗೇ ಏಕೆ ಹೇಳಲಿಲ್ಲವೋ ತಿಳಿಯದು. ನಾನು ಕೇಳಿರಲಿಲ್ಲ.

ಕಳೆದ ಆಷಾಢದಲ್ಲಿ ಬಚ್ಚಲುಮನೆಯ ಮೂಲೆಯ ಬಕೀಟಿನ ಹಿಂದೆ ಮುದುರಿ ತುರುಕಿದ್ದ ಒಂದು ನೀಲಿ ಬಟ್ಟೆ ಕೈಗೆ ಸಿಕ್ಕಿತು. ಮೊಮ್ಮಗಳ ಶಾಲೆಯ ಲಂಗ; ಈಗಿನ ಸಮವಸ್ತ್ರಗಳೆಲ್ಲ ಪಾಲಿಯೆಸ್ಟರಿನವೇ. ಎರಡು ದಿನದಿಂದ ಹೊಟ್ಟೆನೋವೆಂದು ಅವಳು ಶಾಲೆಗೆ ಹೋಗಿರಲಿಲ್ಲ. ಅವಳ ತಾಯಿ ಊರಿನಲ್ಲಿರಲಿಲ್ಲ. ನಾನು ಏನನ್ನೂ ಕೇಳದೆ ಉಪ್ಪಿನ ಡಬ್ಬಿಯನ್ನು ತಂದೆ. ನೀರನ್ನು ಮೂರು ಸಲ ಬದಲಿಸುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

"ತಾತ, ಅದು ನನ್ದು. ನೀವ್ಯಾಕೆ ಒಗೀತೀರಾ?" ಎಂದು ಅವಳು ಅಳುವ ದನಿಯಲ್ಲಿ ಕೇಳಿದಳು.

"ತಣ್ಣೀರೋ ಬಿಸಿನೀರೋ, ಹೇಳು ನೋಡೋಣ" ಎಂದೆ.

ಅವಳು ಸ್ವಲ್ಪ ಯೋಚಿಸಿ ಬಿಸಿನೀರೆಂದಳು. ಅವಳನ್ನು ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡು ಮೊಟ್ಟೆಯ ಕಥೆಯಿಂದ ಮೊದಲುಮಾಡಿದೆ. ಅಂಗಿಯ ಕಥೆಯನ್ನೂ ಹೇಳಿದೆ. ರಾತ್ರಿ ಕಿಣ್ವದ ನೀರಿನಲ್ಲಿ ಅವಳೇ ನೆನೆಹಾಕಿದಳು. ಬೆಳಿಗ್ಗೆ ಎದ್ದು ನೋಡಿದಾಗ ಕಲೆಯಿದ್ದ ಜಾಗವನ್ನು ಹುಡುಕಬೇಕಾಗಿತ್ತು. ಹಿಂಡಿ ಹಿತ್ತಿಲಿನ ಕಡೆಗೆ ಕೊಂಡೊಯ್ಯುತ್ತಿದ್ದವಳನ್ನು ನಾನು ಕರೆದೆ. ಮಳೆ ಬಿಟ್ಟು ಅಂಗಳದಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು, ಅಲ್ಲಿನ ತಂತಿಯಲ್ಲಿ ನನ್ನ ಪಂಚೆಯ ಪಕ್ಕಕ್ಕೆ ಜಾಗವೂ ಇತ್ತು.